ಮೂರು ಜಿಲ್ಲೆಗೆ ಒಂದು ಡ್ರಗ್ ಕೋರ್ಟ್: ಸರ್ಕಾರ ಈ ಖರ್ಚು ಹೊರಬೇಕೇ?

ಪರ
(ವಕೀಲರು, ಬಳ್ಳಾರಿ)

ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗೆ ಸೇರಿ ಬಳ್ಳಾರಿಯಲ್ಲಿ ಒಂದು ಡ್ರಗ್ ಕೋರ್ಟ್, ಅಂದರೆ ವ್ಯಸನಿಯನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಕೋರ್ಟ್, ಬೇಕು ಎಂಬುದರ ಪರವಾಗಿ ಬರೆಯಲು ಬೇರೆ ಯಾರೂ ಒಪ್ಪಲಿಲ್ಲವಂತೆ. ಬಂದ ವಕಾಲತ್ತನ್ನು ಒಲ್ಲೆ ಎನ್ನುವ ಅಭ್ಯಾಸ ನನಗಿಲ್ಲ.

ಡ್ರಗ್ ಕೋರ್ಟ್ 1989ರಲ್ಲಿ ಅಮೆರಿಕದ ಮಯಾಮಿಯಲ್ಲಿ ಹುಟ್ಟಿತು. ಕೊಕೇನ್ ಪ್ರಕರಣಗಳಿಂದ ಜೈಲು ತುಂಬಿ, ಹೊರಗೆ ಹೋದವರೇ ಮತ್ತೆ ಒಳಗೆ ಬರುತ್ತಿದ್ದ ಕಾಲ ಅದು. ವ್ಯಸನಿಯನ್ನು ಜೈಲಿಗೆ ಕಳಿಸುವ ಬದಲು ಚಿಕಿತ್ಸೆಗೆ ಹಚ್ಚಿದರು. ಅವನು ತಪ್ಪದೆ ನ್ಯಾಯಾಧೀಶರ ಎದುರು ಬರಬೇಕು, ಮೂತ್ರ ಪರೀಕ್ಷೆಗೆ ಒಳಗಾಗಬೇಕು. ತಪ್ಪಿದರೆ ಶಿಕ್ಷೆ, ಪೂರೈಸಿದರೆ ಬಿಡುಗಡೆ. ಈಗ ಅಲ್ಲಿ ಇಂಥ ಸಾವಿರಾರು ನ್ಯಾಯಾಲಯಗಳಿವೆ. ಅವುಗಳ ಮೂಲಕ ಬಂದವರು ಮತ್ತೆ ಅಪರಾಧ ಎಸಗುವುದು ಕಡಿಮೆ ಎಂದು ಅಲ್ಲಿನ ಹಲವು ಅಧ್ಯಯನಗಳು ಹೇಳುತ್ತವೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಮಾದಕ ವಸ್ತುಗಳ ನಿಯಂತ್ರಣಕ್ಕಿರುವ 1985ರ ಎನ್‌ಡಿಪಿಎಸ್ ಕಾಯ್ದೆಯ 39ನೇ ಕಲಮಿನ ಪ್ರಕಾರ, ಮಾದಕ ವಸ್ತು ಸೇವಿಸಿದ ಅಥವಾ ಸಣ್ಣ ಪ್ರಮಾಣದಲ್ಲಿ ಇಟ್ಟುಕೊಂಡ ವ್ಯಸನಿಗೆ ತಕ್ಷಣ ಶಿಕ್ಷೆ ವಿಧಿಸದೆ, ಅವನ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಕಳಿಸಬಹುದು. ಆದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಬೆಳಗಿನ ಗದ್ದಲದಲ್ಲಿ, ಚೆಕ್ ಬೌನ್ಸ್, ಜೀವನಾಂಶ, ಹೊಡೆದಾಟದ ಕೇಸುಗಳ ನಡುವೆ, ಗಾಂಜಾ ಸೇದಿದ ಹುಡುಗ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗಿಬಿಡುತ್ತಾನೆ. 39ನೇ ಕಲಮನ್ನು ತೆರೆಯಲು ಯಾರಿಗೂ ಪುರುಸೊತ್ತಿಲ್ಲ. ಅದಕ್ಕೆಂದೇ ಒಂದು ಪೀಠ ಬೇಕು.

ಖರ್ಚು, ಖರ್ಚು ಎನ್ನುವವರಿಗೆ ನನ್ನ ಪ್ರಶ್ನೆ ಒಂದೇ. ಜೈಲು ಪುಕ್ಕಟೆಯೇ? ಕೈದಿಯ ಊಟ, ಕಾವಲು, ಕೋರ್ಟಿಗೆ ಕರೆತರುವ ಪೊಲೀಸರ ಭತ್ಯೆ, ವ್ಯಾನಿನ ಡೀಸೆಲ್, ಇವೆಲ್ಲ ಯಾರ ದುಡ್ಡು? ಜೈಲು ಪುಕ್ಕಟೆಯಲ್ಲ.

ಹೊಸ ಕಟ್ಟಡವನ್ನು ನಾನು ಕೇಳುತ್ತಿಲ್ಲ. ಬಳ್ಳಾರಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು ವಾರಕ್ಕೊಂದು ದಿನ ಕುಳಿತರೆ ಸಾಕು. ಇಬ್ಬರು ಆಪ್ತಸಮಾಲೋಚಕರು, ಪರೀಕ್ಷೆಯ ಕಿಟ್‌ಗಳು ಇದ್ದರೆ ಕೆಲಸ ನಡೆಯುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಗಣಿ ಜಿಲ್ಲೆಗೆ ಖನಿಜ ಪ್ರತಿಷ್ಠಾನದ ನಿಧಿ ಬೇರೆ ಇದೆ. ದುಡ್ಡಿಲ್ಲ ಎಂಬ ಮಾತನ್ನು ಬಳ್ಳಾರಿಯಲ್ಲಿ ನಿಂತು ಆಡಬಾರದು.

ಚಿಕಿತ್ಸೆ ಕೊಡುವವರು ಎಲ್ಲಿದ್ದಾರೆ ಎನ್ನುತ್ತಾರೆ. ಕೋರ್ಟಿನ ಆದೇಶ ಕೈಗೆ ಬಂದರೆ ಆಸ್ಪತ್ರೆಗಳು ತಾವೇ ಎಚ್ಚೆತ್ತುಕೊಳ್ಳುತ್ತವೆ. ರಾಯಚೂರಿನವರಿಗೆ ದೂರವಾಗುತ್ತದೆ, ನಿಜ. ವಿಡಿಯೊ ಕಾನ್ಫರೆನ್ಸ್ ಇದೆಯಲ್ಲ. ಮೂತ್ರ ಪರೀಕ್ಷೆ ವಿಡಿಯೊದಲ್ಲಿ ಹೇಗೆ ಎಂದು ಮಾತ್ರ ಕೇಳಬೇಡಿ, ನನಗೆ ಕೊಟ್ಟಿರುವ ಜಾಗ ಇಷ್ಟೇ.

ವಿರೋಧ
(ನಿವೃತ್ತ ಖಜಾನೆ ಅಧಿಕಾರಿ, ರಾಯಚೂರು)

ವಕೀಲರ ಬರಹವನ್ನು ಮೊದಲೇ ಓದಲು ಕೊಟ್ಟದ್ದು ಒಳ್ಳೆಯದಾಯಿತು. ವಾರಕ್ಕೊಂದು ದಿನದ ಕೋರ್ಟಂತೆ! ಒಂದು ದಿನದ ಕೋರ್ಟಿಗೂ ಶಿರಸ್ತೇದಾರ ಬೇಕು, ಬೆರಳಚ್ಚುಗಾರ ಬೇಕು, ಸರ್ಕಾರಿ ಅಭಿಯೋಜಕರು ಬೇಕು, ಕೂಗಲು ಒಬ್ಬ ಜವಾನ ಬೇಕು. ಎರಡನೆಯ ವರ್ಷ ಜೀಪು ಕೇಳುತ್ತಾರೆ, ಮೂರನೆಯ ವರ್ಷ ಶಂಕುಸ್ಥಾಪನೆ. ಇಂಥ ಕಡತಗಳನ್ನು ನೋಡುತ್ತಲೇ ನಾನು ನೌಕರಿ ಮುಗಿಸಿದೆ.

ಜೈಲು ಪುಕ್ಕಟೆಯೇ ಎಂದು ಕೇಳುತ್ತಾರೆ. ಅಲ್ಲ, ಸ್ವಾಮಿ. ಆದರೆ ಗಾಂಜಾ ಸೇದಿದವನಿಗೆ 27ನೇ ಕಲಮಿನಲ್ಲಿ ಹೆಚ್ಚೆಂದರೆ ಆರು ತಿಂಗಳ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅವನು ದಂಡ ಕಟ್ಟಿ ಹೋಗುತ್ತಾನೆ ಎಂದು ನೀವೇ ಬರೆದಿದ್ದೀರಿ. ಜೈಲಿಗೇ ಹೋಗದವನಿಂದ ಜೈಲಿನ ಖರ್ಚು ಉಳಿಯುವುದು ಯಾವ ಲೆಕ್ಕ? ವರ್ಷಗಟ್ಟಲೆ ಒಳಗೆ ಕೊಳೆಯುವವರು ಕ್ವಿಂಟಲ್‌ಗಟ್ಟಲೆ ಸಾಗಿಸಿ ಸಿಕ್ಕಿಬಿದ್ದವರು. ಅವರಿಗೆ 39ನೇ ಕಲಮು ಅನ್ವಯಿಸುವುದೇ ಇಲ್ಲ. ಅಮೆರಿಕದ ಡ್ರಗ್ ಕೋರ್ಟಿನಲ್ಲಿ ವ್ಯಸನ ಬಿಟ್ಟವನಿಗೆ ನ್ಯಾಯಾಧೀಶರೇ ಚಪ್ಪಾಳೆ ತಟ್ಟಿ ಪ್ರಮಾಣಪತ್ರ ಕೊಡುತ್ತಾರೆ. ನಮ್ಮಲ್ಲೂ ಕೊಡಲಿ, ಶಾಲು, ಹಾರ, ಮೈಸೂರು ಪೇಟ ಸಹಿತ.

ಇನ್ನು ನಮ್ಮ ಜಿಲ್ಲೆಯ ಮಾತು. ಇಲ್ಲಿ ಮನೆ ಹಾಳು ಮಾಡುವುದು ಗಾಂಜಾಕ್ಕಿಂತ ಸಿ.ಎಚ್. ಎಂಬ ಮತ್ತಿನ ಪೌಡರ್ ಬೆರೆಸಿದ ಸೇಂದಿ. ನಮ್ಮ ಅಕ್ಕನ ಮಗ ಭತ್ತದ ಗಿರಣಿಯಲ್ಲಿ ಹಮಾಲಿ ಮಾಡುವವನು. ಬೆಳಿಗ್ಗೆ ರೊಟ್ಟಿಗಿಂತ ಮೊದಲು ಅವನಿಗೆ ಸೇಂದಿ ಬೇಕು. ಊರಿನ ಅಡ್ಡೆಯ ಮೇಲೆ ದಾಳಿಯಾಗಿ ಸೇಂದಿ ಸಿಗದಾದಾಗ ಅವನ ಕೈಕಾಲು ನಡುಗತೊಡಗಿದವು. ಮೈಮೇಲೆ ಇಲ್ಲದ ಇರುವೆಗಳನ್ನು ಕೊಡವಿಕೊಳ್ಳುತ್ತಿದ್ದ, ಹೆಂಡತಿಯನ್ನು ಪೊಲೀಸ್ ಎಂದು ತಿಳಿದು ಹೊಲಕ್ಕೆ ಓಡಿದ. ‘ತಮ್ಮಾ, ನೀನು ಸರ್ಕಾರಿ ನೌಕರಿ ಮಾಡಿದವನು, ಇವನನ್ನು ಎಲ್ಲಿಗೆ ಒಯ್ಯಲಿ ಹೇಳು’ ಎಂದು ಅಕ್ಕ ಫೋನಿನಲ್ಲಿ ಅತ್ತಳು.

ನನಗೆ ಗೊತ್ತಿತ್ತು. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ವಾರ್ಡು ಇತ್ತು. ಅದರ ಮಂಚ, ಹಾಸಿಗೆ, ಟಿ.ವಿ., ಏರ್ ಕೂಲರ್, ಹಿತ್ತಾಳೆ ಅಕ್ಷರದ ಬೋರ್ಡು, ಎಲ್ಲದರ ಬಿಲ್ಲುಗಳು ಒಂದು ಮಾರ್ಚ್ ಕೊನೆಯಲ್ಲಿ ನನ್ನ ಮೇಜು ದಾಟಿ ಹೋಗಿದ್ದವು. ಎಲ್ಲವೂ ಕ್ರಮಬದ್ಧ. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಮನೋವೈದ್ಯರು ಮಂಗಳವಾರ ಬರುತ್ತಾರೆ ಎಂದ ಕಾವಲುಗಾರ. ಅಂದು ಬುಧವಾರ. ಕಿಟಕಿಯಿಂದ ಇಣುಕಿದರೆ ಹಾಸಿಗೆಗಳಿಗೆ ಸುತ್ತಿದ ಪ್ಲಾಸ್ಟಿಕ್ ಹಾಗೆಯೇ ಇತ್ತು. ಕಾರು ಮಾಡಿಕೊಂಡು ಅಳಿಯನನ್ನು ಹೈದರಾಬಾದಿಗೆ ಒಯ್ದೆವು. ಅವನು ಬದುಕಿದ, ಅಕ್ಕನ ಎರಡು ಎಕರೆಯಲ್ಲಿ ಒಂದು ಎಕರೆ ಒತ್ತೆ ಬಿತ್ತು. ಆ ಹೊಲದಲ್ಲಿ ಈಗ ಸಾಹುಕಾರನ ಹತ್ತಿ ನಿಂತಿದೆ.

ಆ ಪೌಡರ್ ಎಂದರೆ ಕ್ಲೋರಲ್ ಹೈಡ್ರೇಟ್. ಅದು ಎನ್‌ಡಿಪಿಎಸ್ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ವಕೀಲರು ಬಯಸುವ ಕೋರ್ಟಿಗೂ ನನ್ನ ಅಳಿಯನಿಗೂ ಸಂಬಂಧವೇ ಇಲ್ಲ. ಇದ್ದರೂ, ದಿನಗೂಲಿಯವನು ಕೂಲಿ ಬಿಟ್ಟು ವಾರವಾರ ಬಳ್ಳಾರಿಗೆ ಹೋಗಿಬರಲು ಸಾಧ್ಯವೇ? ಮೇಲಾಗಿ ರಾಯಚೂರಿನ ಮೇಲ್ಮನವಿಗಳು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುತ್ತವೆ, ಬಳ್ಳಾರಿ ಮತ್ತು ಕೊಪ್ಪಳದವು ಧಾರವಾಡಕ್ಕೆ. ಈ ಗಂಟನ್ನು ವಕೀಲರು ಮುಟ್ಟಿಯೇ ಇಲ್ಲ.

ಮಯಾಮಿಯ ತನಕ ಹೋಗುವುದಾದರೂ ಏಕೆ? 1985ರಿಂದ ನಿಮ್ಹಾನ್ಸ್ ಇದೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಮನೋರೋಗಕ್ಕೆ ಊರ ಹತ್ತಿರವೇ ಮಾತ್ರೆ ಸಿಗುವಂತೆ ಮಾಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ‘ಬಳ್ಳಾರಿ ಮಾದರಿ’ಯೇ ಆಧಾರ. ವಕೀಲರು ತೋರಿಸುವ ನಿಧಿಗಳಲ್ಲಿ ನಿಜಕ್ಕೂ ದುಡ್ಡಿದ್ದರೆ ಸಿಂಧನೂರು, ದೇವದುರ್ಗ, ಗಂಗಾವತಿ, ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಗಳಿಗೆ ಕೊಡಲಿ: ನಡುಕ ಬಂದವರಿಗೆ ಎರಡು ಮಂಚ, ಔಷಧದ ದಾಸ್ತಾನು, ವಾರವಿಡೀ ಇರುವ ಒಬ್ಬ ಆಪ್ತಸಮಾಲೋಚಕ. ಗಾಂಜಾದ ಹುಡುಗರನ್ನು ಈಗಿರುವ ಮ್ಯಾಜಿಸ್ಟ್ರೇಟರೇ 39ನೇ ಕಲಮಿನಲ್ಲಿ ಅಲ್ಲಿಗೆ ಕಳಿಸಬಹುದು. ಆ ಆಪ್ತಸಮಾಲೋಚಕನನ್ನು ಮಾತ್ರ ಹೊರಗುತ್ತಿಗೆಯಲ್ಲಿ ತೆಗೆದುಕೊಳ್ಳಬಾರದು. ಹುದ್ದೆ ಕಾಯಂ ಆಗಿರಲಿ, ಸಂಬಳ ತಿಂಗಳ ಮೊದಲ ವಾರವೇ ಆಗಲಿ.