ಹದಿಮೂರು ಡಿಗ್ರಿ

ನಲವತ್ತಾರನೇ ವಯಸ್ಸಿನಲ್ಲಿ ಸಣ್ಣ ವಿಮಾನ ಓಡಿಸಲು ಕಲಿಯುತ್ತೇನೆ ಎಂದಾಗ ನನ್ನವಳು ಕೇಳಿದ್ದು ಒಂದೇ ಪ್ರಶ್ನೆ. "ರೀ, ತರಕಾರಿ ತರೋಕೇ ನಿಮಗೆ ಜಿಪಿಎಸ್ ಬೇಕು. ಮೇಲೆ ಹೋಗಿ ಯಾರನ್ನ ಕೇಳ್ತೀರಿ?"

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ತಿಪಟೂರಿನ ಕಡೆ ದಾರಿ ಹೇಳುವುದೆಂದರೆ "ಸೀದಾ ಹೋಗಿ, ಅರಳಿಕಟ್ಟೆ ಸಿಗುತ್ತೆ, ಅಲ್ಲಿ ಯಾರನ್ನಾದ್ರೂ ಕೇಳಿ." ವಿಮಾನದಲ್ಲೂ ಅರ್ಧ ಇದೇ ವಿದ್ಯೆ. ಕೆಳಗಿನ ಹೆದ್ದಾರಿ, ನದಿ, ರೈಲು ಹಳಿ ನೋಡಿ ನಕ್ಷೆಗೆ ತಾಳೆ ಹಾಕುವುದು. ಇದು ಪೈಲಟೇಜ್. ಉಳಿದರ್ಧ ಡೆಡ್ ರೆಕನಿಂಗ್. ಈ ದಿಕ್ಕು, ಇಷ್ಟು ವೇಗ, ಇಷ್ಟು ನಿಮಿಷ. ಹಾಗಾಗಿ ನಾನೀಗ ಇಲ್ಲಿರಬೇಕು. ಇದ್ದೀನಿ ಅಲ್ಲ, ಇರಬೇಕು.

ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಿಂದ ಫ್ರೆಸ್ನೋಗೆ ಹೋಗುವುದೆಂದು ನಿಶ್ಚಯವಾಯಿತು. ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಸೆಕ್ಷನಲ್ ನಕ್ಷೆ, ಅಂದರೆ ಪೈಲಟ್‌ಗಳ ನಕ್ಷೆ, ಹರಡಿದೆ. ಹಾಸಿಗೆ ಹೊದಿಕೆಯಷ್ಟು ಕಾಗದ, ಮಡಚಿದರೆ ಮತ್ತೆ ಮೊದಲಿನಂತೆ ಮಡಚಲಾಗದು. "ತಟ್ಟೆ ಎಲ್ಲಿಡಲಿ?" ಎಂದಳು. "ಪೆಸಿಫಿಕ್ ಸಾಗರದ ಮೇಲಿಡು" ಎಂದೆ. ಹುಳಿಯ ಪಾತ್ರೆಗೆ ಸಾಗರದಲ್ಲಿ ಜಾಗ ಸಾಲಲಿಲ್ಲ.

ಗೆರೆ ಎಳೆದೆ. 114 ನಾಟಿಕಲ್ ಮೈಲಿ, ಗಂಟೆಗೆ 110ರಂತೆ ಒಂದು ಗಂಟೆಯ ಮೇಲೆ ಎರಡು ನಿಮಿಷ. ಪೆಟ್ರೋಲು ಒಂಬತ್ತು-ಹತ್ತು ಗ್ಯಾಲನ್. ತಲುಪಿದ ಮೇಲೂ ಅರ್ಧ ಗಂಟೆ ಹಾರುವಷ್ಟು ಉಳಿದಿರಬೇಕು, ಹಗಲಿನ ಕಾನೂನು ಅದು. ಹಳೇ ಸ್ಕೂಟರಿನ ಹಾಗೆ ಓರೆ ಮಾಡಿ ಅಲ್ಲಾಡಿಸಿ ಮನೆ ಸೇರುವ ಸೌಲಭ್ಯ ಇಲ್ಲಿಲ್ಲ.

ನಕ್ಷೆಯ ಮೇಲೆ ಉತ್ತರ ದಿಕ್ಕಿನಿಂದ ಅಳೆದರೆ ನನ್ನ ಗೆರೆ 119 ಡಿಗ್ರಿ. ಆದರೆ ಕಂಪಾಸ್ ತೋರಿಸುವ ಉತ್ತರ ದಿಕ್ಕು ಬೇರೆ, ನಕ್ಷೆಯ ಉತ್ತರ ದಿಕ್ಕು ಬೇರೆ. ಇಲ್ಲಿ ಕಂಪಾಸು ಸುಮಾರು 13 ಡಿಗ್ರಿ ಪೂರ್ವಕ್ಕೆ ವಾಲಿರುತ್ತದೆ. ಕಳೆಯಬೇಕೋ ಕೂಡಬೇಕೋ? ಅದಕ್ಕೊಂದು ಪ್ರಾಸ ಇದೆ: "ಈಸ್ಟ್ ಈಸ್ ಲೀಸ್ಟ್, ವೆಸ್ಟ್ ಈಸ್ ಬೆಸ್ಟ್." ಪೂರ್ವವಾದರೆ ಕಳೆ, ಪಶ್ಚಿಮವಾದರೆ ಕೂಡು. ಅವತ್ತು ಪ್ರಾಸ ನೆನಪಾಗಲಿಲ್ಲ. ಪೂರ್ವ ಅಂದರೆ ಶುಭ ಅಲ್ವಾ? ಶುಭಕ್ಕೆ ಯಾರಾದರೂ ಕಳೆಯುತ್ತಾರೆಯೇ? ಮುಯ್ಯಿ ಕವರಿಗೆ ಒಂದು ರೂಪಾಯಿ ಸೇರಿಸುವ ವಂಶ ನಮ್ಮದು. ಕೂಡಿದೆ. 106 ಆಗಬೇಕಾದದ್ದು 132 ಆಯಿತು.

ಬೆಳಿಗ್ಗೆ ನನ್ನ ಗುರುಗಳು ಕಾಗದದ ಮೇಲೆ ಕಣ್ಣಾಡಿಸಿದರು. ಗುರುಗಳಿಗೆ ಇಪ್ಪತ್ನಾಲ್ಕು ವರ್ಷ. ಏನೂ ಹೇಳಲಿಲ್ಲ, ಸುಮ್ನೆ ಜಿಪಿಎಸ್ ಪರದೆಗೆ ಒಂದು ಚೀಟಿ ಅಂಟಿಸಿದರು. ಅದು ಒಳ್ಳೆಯ ಶಕುನವಲ್ಲ ಎಂದು ಈಗ ಗೊತ್ತು.

ಲೆಕ್ಕದ ಪ್ರಕಾರ 19ನೇ ನಿಮಿಷಕ್ಕೆ ಐ-5 ಹೆದ್ದಾರಿ, ಅದರ ಮಗ್ಗುಲಲ್ಲೇ ದೊಡ್ಡ ಕಾಲುವೆ ಬರಬೇಕು. 5,500 ಅಡಿಯಿಂದ ಬಗ್ಗಿ ನೋಡಿದೆ. ಬೆಟ್ಟ. 21ನೇ ನಿಮಿಷ, ಬೆಟ್ಟ. ಹೆದ್ದಾರಿ ಇವತ್ತು ತಡವಾಗಿ ಬರುತ್ತಿದೆ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. 25ನೇ ನಿಮಿಷಕ್ಕೆ ಎಡ ಮುಂದೆ ಸಮುದ್ರದಂಥ ನೀರು ಕಾಣಿಸಿತು.

"ಅದೇನು?" ಎಂದರು ಗುರುಗಳು.

ನಕ್ಷೆಯಲ್ಲಿ ಹುಡುಕಿದೆ. ನನ್ನ ಗೆರೆಯ ಹತ್ತಿರ ಎಲ್ಲೂ ಅಷ್ಟು ನೀರಿಲ್ಲ. ಗೆರೆಯಿಂದ ಬಹಳ ದಕ್ಷಿಣಕ್ಕೆ ಒಂದು ಹಳದಿ ಮಚ್ಚೆ ಮಾತ್ರ ಇತ್ತು. ಸೆಕ್ಷನಲ್ ನಕ್ಷೆಯಲ್ಲಿ ಹಳದಿ ಎಂದರೆ ಊರು.

"ನೀರಂತೂ ಇಲ್ಲ. ಇಲ್ಲೊಂದು ದೊಡ್ಡ ಊರಿದೆ, ಹೆಸರು ಓದೋಕಾಗ್ತಿಲ್ಲ," ಎಂದೆ.

ಅವರು ನಕ್ಷೆ ಇಸಿದುಕೊಂಡರು. ಊರಿನ ಮೇಲೆ ಬೆರಳಾಡಿಸಿದರು. ಆಮೇಲೆ ಬೆರಳನ್ನು ಮೂಗಿನ ಹತ್ತಿರ ಹಿಡಿದರು. ಊರಿನ ಕೆಳಗೆ ಸ್ಯಾನ್ ಲೂಯಿಸ್ ಜಲಾಶಯ ಇತ್ತು.

ಎಡಕ್ಕೆ ತಿರುಗಿ, ಕಂಪಾಸಿನಲ್ಲಿ ಹೆಚ್ಚುಕಡಿಮೆ 90 ಹಿಡಿದು ಫ್ರೆಸ್ನೋ ಸೇರಿದೆವು. ಸುತ್ತಿದ್ದು ಏಳೆಂಟು ಮೈಲಿ ಜಾಸ್ತಿ, ಅಷ್ಟೇ. ವಾಪಸು ಬರುವಾಗ ಗುರುಗಳು ಲೆಕ್ಕದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಲಿವರ್‌ಮೋರ್‌ನಲ್ಲಿ ಇಳಿದ ಮೇಲೆ ಮಾತ್ರ ಕೇಳಿದರು: ಆ ಊರಿನಲ್ಲಿ ಬೇಳೆ ಯಾವುದು ಹಾಕ್ತಾರೆ?