ಐದು ಬೋಲ್ಟುಗಳಿಗೆ ಎರಡು ದಿನ

ನಿನ್ನೆ ಸಂಜೆ ನನ್ನ ಹಳೆಯ ಡೀಸೆಲ್ ಕಾರು ಆಗುಂಬೆ ಘಾಟಿಯ 14 ತಿರುವುಗಳನ್ನೂ ಎಲ್ಲಿಯೂ ಸೋಲದೆ ಹತ್ತಿತು. ಮೇಲೆ ಹೋಗಿ ಗಾಡಿ ನಿಲ್ಲಿಸಿದಾಗ ಸಂತೋಷವಾಯಿತು, ಅದರ ಬೆನ್ನಿಗೇ ಸಿಟ್ಟೂ ಬಂತು. ಏಕೆಂದರೆ ಕಳೆದ ವಾರವಷ್ಟೇ ಒಂದು ದೊಡ್ಡ ವರ್ಕ್‌ಶಾಪಿನವರು ಇದೇ ಕಾರಿಗೆ "ಟರ್ಬೊ ಹೋಗಿದೆ, ಇಡೀ ಅಸೆಂಬ್ಲಿ ಬದಲಿಸಬೇಕು" ಎಂದು ಹೇಳಿ 50,000 ರೂಪಾಯಿ ದಾಟುವ ಅಂದಾಜುಪಟ್ಟಿಯನ್ನು ನನ್ನ ಕೈಗಿತ್ತಿದ್ದರು. ಟರ್ಬೊ ಎಂದರೆ ಇಂಜಿನ್ನಿನ ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಭಾಗ. ಅದಕ್ಕೆ ಏನೂ ಆಗಿರಲಿಲ್ಲ. ಹಾಳಾಗಿದ್ದದ್ದು ಅದರ ವೇಸ್ಟ್‌ಗೇಟನ್ನು ತೆರೆದು ಮುಚ್ಚುವ ಆಕ್ಚುಯೇಟರ್ ಮತ್ತು ಅದರ ಕಡ್ಡಿಯನ್ನು ಹಿಡಿದಿಡುವ ಒಂದು ಪುಟ್ಟ ಕ್ಲಿಪ್ಪು, ಅಷ್ಟೇ.

ವೇಸ್ಟ್‌ಗೇಟ್ ಎಂದರೇನು ಎಂದು ಕೇಳುವ ಗೆಳೆಯರಿಗೆ ನಾನು ಕೆರೆಯ ಕೋಡಿಯನ್ನು ನೆನಪಿಸುತ್ತೇನೆ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದುಹೋಗದಿದ್ದರೆ ಏರಿಯೇ ಒಡೆಯುತ್ತದೆ. ಟರ್ಬೊದಲ್ಲಿ ಗಾಳಿಯ ಒತ್ತಡ ಮಿತಿ ಮುಟ್ಟಿದಾಗ ವೇಸ್ಟ್‌ಗೇಟ್ ತೆರೆದುಕೊಂಡು, ಹೊಗೆಯ ಒಂದು ಪಾಲು ಟರ್ಬೈನಿನ ಚಕ್ರಕ್ಕೆ ಬಡಿಯದೆ ಪಕ್ಕದಿಂದ ಸಾಗಿಹೋಗುವಂತೆ ಮಾಡುತ್ತದೆ. ನನ್ನ ಕಾರಿನಲ್ಲಿ ಈ ಕೆಲಸವನ್ನು ಮಾಡುವುದು ಆಕ್ಚುಯೇಟರಿನೊಳಗಿನ ರಬ್ಬರ್ ಪೊರೆ. ಒತ್ತಡ ಅದನ್ನು ನೂಕಿದಾಗ ಕಡ್ಡಿ ಸರಿದು ಬಾಗಿಲು ತೆರೆಯುತ್ತದೆ. ಪೊರೆ ಹರಿದರೆ ಬಾಗಿಲು ತೆರೆಯುವುದಿಲ್ಲ, ಒತ್ತಡ ಮಿತಿ ಮೀರುತ್ತದೆ, ಆಗ ಕಂಪ್ಯೂಟರು ಇಂಜಿನ್ನನ್ನು ಉಳಿಸಲು ಶಕ್ತಿಯನ್ನೇ ಕಡಿತಗೊಳಿಸುತ್ತದೆ. ಏರಿನಲ್ಲಿ ಕಾರು ಇದ್ದಕ್ಕಿದ್ದಂತೆ ಸೋಲುವುದು, ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡುವುದು, ಸ್ಕ್ಯಾನರಿನಲ್ಲಿ ಟರ್ಬೊದ ಒತ್ತಡ ಮಿತಿ ಮೀರಿದೆ ಎನ್ನುವ ಪಿ0234 ಎಂಬ ಸಂಕೇತ ಕಾಣಿಸುವುದು, ಎಲ್ಲವೂ ಇದನ್ನೇ ಹೇಳುತ್ತಿದ್ದವು. ಕೈಪಂಪಿನಿಂದ ಆಕ್ಚುಯೇಟರಿಗೆ ಗಾಳಿ ಕೊಟ್ಟು, ಕಡ್ಡಿ ಸರಿಯುತ್ತದೆಯೇ ಎಂದು ನೋಡಲು ಐದು ನಿಮಿಷ ಸಾಕಿತ್ತು. ಅದನ್ನು ಯಾರೂ ನೋಡಲಿಲ್ಲ.

ಏಕೆ ನೋಡಲಿಲ್ಲ ಎಂದು ಕೇಳಿದ್ದಕ್ಕೆ ಅಲ್ಲಿನ ಹುಡುಗನೊಬ್ಬ ಪ್ರಾಮಾಣಿಕವಾಗಿಯೇ ಉತ್ತರಿಸಿದ: "ಸರ್, ಬೋಲ್ಟೆಲ್ಲ ತುಕ್ಕು ಹಿಡಿದಿದೆ. ಬಿಚ್ಚುವಾಗ ಮುರಿದರೆ ನಾವು ಜವಾಬ್ದಾರರಲ್ಲ." ನನ್ನನ್ನು ಕೆರಳಿಸಿದ್ದು ಈ ಮಾತು. ಮೂರು ದಶಕ ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳಿದವನು ನಾನು ಎಂಬುದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಬೋಲ್ಟು ತಾನಾಗಿ ಮುರಿಯುವುದಿಲ್ಲ, ಅವಸರದ ಕೈ ಅದನ್ನು ಮುರಿಯುತ್ತದೆ. ಆ ಅವಸರದ ಬೆಲೆಯನ್ನು ಗಿರಾಕಿಯ ಜೇಬಿನಿಂದ ತೆಗೆಯುವುದು ನ್ಯಾಯವಲ್ಲ.

ಉಡುಪಿ, ಮಲ್ಪೆಯ ಕಡೆ ಗಾಡಿ ಇಟ್ಟುಕೊಂಡವರಿಗೆ ತುಕ್ಕಿನ ವಿಚಾರ ಹೇಳಿಕೊಡಬೇಕಾಗಿಲ್ಲ. ನಾಲ್ಕು ತಿಂಗಳ ಮಳೆ, ವರ್ಷವಿಡೀ ಉಪ್ಪಿನ ಗಾಳಿ, ಇವುಗಳ ಜೊತೆಗೆ ದಿನವೂ ಕಾದು ತಣಿಯುವ ಟರ್ಬೊದ ಬಿಸಿ. ಕಬ್ಬಿಣ ತುಕ್ಕಾದಾಗ ಮೂಲ ಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಥ್ರೆಡ್ಡಿನೊಳಗೆ ಆ ಜಾಗ ಇಲ್ಲವಾದ್ದರಿಂದ ಬೋಲ್ಟು ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ. 8 ಮಿ.ಮೀ. ಬೋಲ್ಟನ್ನು ಬಿಗಿಯಲು ಸಾಮಾನ್ಯವಾಗಿ 25 ನ್ಯೂಟನ್-ಮೀಟರಿನ ಆಸುಪಾಸಿನ ತಿರುಚುಬಲ ಸಾಕು. ಸ್ಪ್ಯಾನರಿಗೆ ಅರ್ಧ ಮೀಟರಿನ ಪೈಪು ತೂರಿಸಿ ತುದಿಗೆ 30 ಕಿಲೋ ಭಾರ ಬಿಟ್ಟರೆ ಸುಮಾರು 150 ಆಗುತ್ತದೆ. ಬೋಲ್ಟು ತಿರುಗಿಸುವ ಗಾಳಿಯ ಗನ್ನು ಇನ್ನೂ ಹೆಚ್ಚು ಕೊಡುತ್ತದೆ. ಹಾಗಿರುವಾಗ ಮುರಿಯದೆ ಇನ್ನೇನಾಗಬೇಕು?

ಕೊನೆಗೆ ನಾನು ಗಾಡಿಯನ್ನು ಒಯ್ದದ್ದು ಹೆದ್ದಾರಿಯ ಬದಿಯ ಒಂದು ಸಣ್ಣ ಗ್ಯಾರೇಜಿಗೆ. ಅಲ್ಲಿಯ ಹಿರಿಯ ಮೆಕ್ಯಾನಿಕ್ ಬಗ್ಗಿ ಒಮ್ಮೆ ನೋಡಿ, "ಮಾಷ್ಟ್ರೇ, ಎರಡು ದಿನ ಗಾಡಿ ಬಿಟ್ಟುಹೋಗಿ" ಎಂದರು. ನಾನು ಬಿಟ್ಟೆ, ಆದರೆ ಹೋಗಲಿಲ್ಲ. ಬಿಸಿ ತಡೆಯುವ ತಗಡಿನ ಮೂರು ಬೋಲ್ಟು, ಆಕ್ಚುಯೇಟರಿನದ್ದು ಎರಡು. ಮೊದಲ ದಿನ ಅವರು ಒಂದನ್ನೂ ಬಿಚ್ಚಲಿಲ್ಲ. ಇಂಜಿನ್ ಪೂರ್ತಿ ತಣಿದ ಮೇಲೆ ತಂತಿಯ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಪ್ರತಿ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹಗುರಾಗಿ ತಟ್ಟಿದರು. ಸಂಜೆ ಮತ್ತೊಮ್ಮೆ ಎಣ್ಣೆ, ರಾತ್ರಿ ಮತ್ತೊಮ್ಮೆ. ಮರುದಿನ ಆರು ಮೂಲೆಯ ಸಾಕೆಟ್ಟನ್ನೇ ಬಳಸಿದರು. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಉರುಟು ಮಾಡಿಬಿಡುತ್ತದೆ. ಬಿಚ್ಚುವ ಮೊದಲು ಬೋಲ್ಟನ್ನು ಕೂದಲೆಳೆಯಷ್ಟು ಬಿಗಿದರು. ಎಷ್ಟೋ ಜನ ಇದನ್ನು ನಂಬುವುದಿಲ್ಲ, ಆದರೆ ತುಕ್ಕಿನ ಹಿಡಿತ ಸಡಿಲವಾಗುವುದು ಆ ಒಂದು ಕದಲಿಕೆಯಿಂದಲೇ. ಆಮೇಲೆ ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ಬಿಗಿದು, ಎಣ್ಣೆ ಬಿಟ್ಟು, ಮತ್ತೆ ಕಾಲು ಸುತ್ತು.

ಮೂರು ಹೀಗೆ ಬಂದವು. ನಾಲ್ಕನೆಯದಕ್ಕೆ ಬೆಂಕಿ ಬೇಕಾಯಿತು. ಹಿಂದಿನ ದಿನದ ಎಣ್ಣೆಯನ್ನು ಒರೆಸಿ, ಪಕ್ಕದ ಪೈಪುಗಳಿಗೆ ಒದ್ದೆ ಗೋಣಿ ಹೊದಿಸಿ, ಬೆಂಕಿ ಆರಿಸುವ ಸಿಲಿಂಡರನ್ನು ಕಾಲ ಬಳಿ ಇಟ್ಟುಕೊಂಡೇ ಅವರು ಟಾರ್ಚ್ ಹಚ್ಚಿದರು. ಕಾಯಿಸಿದ್ದು ಬೋಲ್ಟನ್ನಲ್ಲ, ಅದರ ಸುತ್ತಲಿನ ಲೋಹವನ್ನು. 300 ಡಿಗ್ರಿ ಬಿಸಿಗೆ 8 ಮಿ.ಮೀ. ತೂತು ಹಿಗ್ಗುವುದು ಸುಮಾರು 0.03 ಮಿ.ಮೀ. ಮಾತ್ರ, ಆದರೂ ತುಕ್ಕು ಬಿರುಕು ಬಿಡಲು ಅಷ್ಟು ಸಾಕು. ಬಿಸಿಯಿರುವಾಗಲೇ ಮೇಣದಬತ್ತಿಯನ್ನು ತಾಗಿಸಿದಾಗ ಕರಗಿದ ಮೇಣ ಥ್ರೆಡ್ಡಿನೊಳಕ್ಕೆ ಇಳಿದುಹೋದದ್ದನ್ನು ನೋಡಿ, ನಾನು ಮಕ್ಕಳ ಹಾಗೆ ಇನ್ನಷ್ಟು ಹತ್ತಿರಕ್ಕೆ ಸರಿದು ನಿಂತೆ. ಐದನೆಯದು ಮುರಿದೇಹೋಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ಅದರ ಮೇಲೆ ಡ್ರಿಲ್ ಇಡಲಿಲ್ಲ. ಹೊರಗೆ ಉಳಿದಿದ್ದ ಮೋಟಿನ ಮೇಲೆ ಒಂದು ನಟ್ಟು ಕೂರಿಸಿ ವೆಲ್ಡಿಂಗ್ ಮಾಡಿದರು. ವೆಲ್ಡಿಂಗಿನ ಬಿಸಿ ಮೋಟನ್ನು ಸಡಿಲಿಸಿತು, ನಟ್ಟು ತಿರುವಲು ಹಿಡಿಯಾಯಿತು, ಹತ್ತು ನಿಮಿಷದಲ್ಲಿ ಅದೂ ಹೊರಬಂತು.

ಗ್ಯಾರೇಜಿಗೆ ಸಮಯವೇ ಹಣ, ಒಂದು ಗಾಡಿ ಎರಡು ದಿನ ಜಾಗ ಹಿಡಿದರೆ ಬಾಡಿಗೆ ಕಟ್ಟುವವರು ಯಾರು ಎಂದು ಕೆಲವರು ಕೇಳುತ್ತಾರೆ. ಒಪ್ಪುತ್ತೇನೆ, ಆ ಎರಡು ದಿನದ ಕೂಲಿಯನ್ನು ಕೇಳಲಿ, ನಾನು ಚೌಕಾಸಿಯಿಲ್ಲದೆ ಕೊಡುತ್ತೇನೆ. ಇಲ್ಲಿ ಕೊಟ್ಟದ್ದೂ ಹಾಗೆಯೇ. ಆದರೆ ಕೆಟ್ಟಿರದ ಟರ್ಬೊವನ್ನು ಕೆಟ್ಟಿದೆ ಎಂದು ಹೇಳುವುದಕ್ಕೆ ಬಾಡಿಗೆ ಕಾರಣವಾಗಲಾರದು.

ಇಷ್ಟು ಕಟುವಾಗಿ ಬರೆಯಲು ನನ್ನದೇ ಒಂದು ತಪ್ಪೂ ಕಾರಣ. ಪಾಠ ಹೇಳುವ ಕೆಲಸಕ್ಕೆ ಸೇರುವ ಮೊದಲು ನಾನೊಂದು ಗ್ಯಾರೇಜಿನಲ್ಲಿದ್ದೆ. ಖಾಸಗಿ ಬಸ್ಸೊಂದರ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್ಡು ಮುರಿದಾಗ, ಕಾಯಲು ಮನಸ್ಸಾಗದೆ ತೂತು ಕೊರೆದು, ಮುರಿದ ತುಂಡನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ತಿರುವಿದೆ, ಅದೂ ಒಳಗೇ ಮುರಿಯಿತು. ಎಕ್ಸ್‌ಟ್ರಾಕ್ಟರಿನ ಉಕ್ಕು ಎಷ್ಟು ಗಡುಸೆಂದರೆ ಡ್ರಿಲ್ಲಿನ ತುದಿ ಅದರ ಮೇಲೆ ಜಾರುತ್ತದೆಯೇ ಹೊರತು ಕಚ್ಚುವುದಿಲ್ಲ. ಸಿಲಿಂಡರ್ ಹೆಡ್ಡನ್ನೇ ಇಳಿಸಬೇಕಾಯಿತು, ಬಸ್ಸು ಮೂರು ದಿನ ನಿಂತಿತು. ಚಾಲಕ ಮತ್ತು ಕಂಡಕ್ಟರ್ ಮೂರು ದಿನದ ಸಂಬಳ ಕಳೆದುಕೊಂಡರು, ನನಗೆ ಮಾತ್ರ ಆ ತಿಂಗಳ ಸಂಬಳ ಪೂರ್ತಿ ಬಂತು. ಅವರಿಬ್ಬರೂ ನನಗೆ ಒಂದು ಮಾತೂ ಅನ್ನಲಿಲ್ಲ. ಅದನ್ನು ಇವತ್ತಿಗೂ ಮರೆಯಲು ಆಗಿಲ್ಲ.

ಹೊಸ ಆಕ್ಚುಯೇಟರ್ ಕೂರಿಸಿದ ಮೇಲೆ ಕಡ್ಡಿಯ ಉದ್ದವನ್ನು ಕಣ್ಣಂದಾಜಿನಲ್ಲಿ ಬಿಡದೆ, ಕೈಪಂಪಿನ ಮಾಪಕ ನೋಡಿಕೊಂಡು ಕೈಪಿಡಿಯಲ್ಲಿ ಹೇಳಿದ ಒತ್ತಡಕ್ಕೆ ಹೊಂದಿಸಿದರು. ಹೊಸ ಬೋಲ್ಟುಗಳಿಗೆ ಮತ್ತೆ ಕಚ್ಚಿಕೊಳ್ಳದಂತೆ ತಾಮ್ರದ ಪೇಸ್ಟ್ ಸವರಿ, ಪೇಸ್ಟ್ ಇರುವಾಗ ಬಿಗಿತ ಸ್ವಲ್ಪ ಕಡಿಮೆ ಇರಬೇಕೆಂದು ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿದರು. ಬಿಡಿಭಾಗ, ಕೂಲಿ ಎಲ್ಲ ಸೇರಿ 9,000 ರೂಪಾಯಿಯೊಳಗೆ ಮುಗಿಯಿತು.

ಹರಿದ ಪೊರೆಯ ಹಳೆಯ ಆಕ್ಚುಯೇಟರ್ ನನ್ನ ಮೇಜಿನ ಮೇಲಿದೆ. ಸೋಮವಾರ ಅದನ್ನು ಆ ವರ್ಕ್‌ಶಾಪಿಗೆ ಒಯ್ದು, ಅಂದಾಜುಪಟ್ಟಿಗೆ ಸಹಿ ಹಾಕಿದವರಿಗೆ ತೋರಿಸುತ್ತೇನೆ. ಆ ಹುಡುಗ ಸಿಕ್ಕರೆ, ಬಿಡುವಾದ ಒಂದು ಭಾನುವಾರ ಮನೆಗೆ ಬಾ ಎಂದು ಕರೆಯುತ್ತೇನೆ. ಹಿತ್ತಿಲ ಶೆಡ್ಡಿನಲ್ಲಿ ತುಕ್ಕು ಹಿಡಿದ ಬೋಲ್ಟುಗಳು ಬೇಕಾದಷ್ಟಿವೆ, ಮೇಣದಬತ್ತಿಯೂ ಇದೆ.