ನಾಯಿ ಇದೆ, ಎಚ್ಚರಿಕೆ

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ನಾವು ಗಂಡ ಹೆಂಡತಿ ನಮ್ಮದೇ ಮನೆಯ ಮುಂದೆ ಕಳ್ಳರ ಹಾಗೆ ನಿಂತಿದ್ದೆವು. ಹುಬ್ಬಳ್ಳಿಯಲ್ಲಿ ಮದುವೆ ಮುಗಿಸಿ ಬಂದಿದ್ದು. ನನ್ನ ಮೈಮೇಲೆ ರೇಷ್ಮೆ ಸೀರೆ, ಕೈಯಲ್ಲಿ ತಾಂಬೂಲದ ಚೀಲ. ಇವರ ಬಾಯಲ್ಲಿ ಮೊಬೈಲು. ಟಾರ್ಚ್ ಹಾಕಿ ಹಲ್ಲಲ್ಲಿ ಕಚ್ಚಿಕೊಂಡಿದ್ದರು. ಗೇಟಿಗೊಂದು, ಗ್ರಿಲ್ಲಿಗೊಂದು, ಮುಂಬಾಗಿಲಿಗೆ ಎರಡು, ಒಟ್ಟು ನಾಲ್ಕು ಬೀಗ. ಗೊಂಚಲಲ್ಲಿ ಹನ್ನೊಂದು ಕೀ. ಉಳಿದ ಏಳು ಯಾವುದರವು ಅಂತ ಆ ಆಂಜನೇಯನಿಗೇ ಗೊತ್ತು. ಒಂದು ಮಾತ್ರ ನನಗೆ ಗೊತ್ತು, ಹಳೇ ಲೂನಾದ್ದು. ಲೂನಾ ಗುಜರಿಗೆ ಹೋಗಿ ಇಪ್ಪತ್ತು ವರ್ಷವಾಯಿತು. ಕೀ ಬಿಸಾಡಲು ಬಿಡುವುದಿಲ್ಲ.

ಮೂರು ಬೀಗ ತೆಗೆದವು. ನಾಲ್ಕನೆಯದು ಮುಷ್ಕರ ಹೂಡಿತು.

"ಸ್ವಲ್ಪ ಮೇಲಕ್ಕೆತ್ತಿ ತಿರುಗಿಸ್ರೀ" ಅಂದೆ. "ಮ್ಮ್ ಮ್ಮ್ಮ್" ಅಂದರು. ಬಾಯಲ್ಲಿ ಮೊಬೈಲಿತ್ತಲ್ಲ. ಆದರೆ ಮೂವತ್ತೊಂದು ವರ್ಷದ ಸಂಸಾರದಲ್ಲಿ ಇಷ್ಟು ಅರ್ಥವಾಗದೇ ಇರುತ್ತದೆಯೇ? "ನಂಗೊತ್ತಿದೆ, ಸುಮ್ನಿರು" ಅಂತ.

ಈ ನಾಲ್ಕು ಬೀಗದ ಸಂಸಾರ ಶುರುವಾಗಿ ಎರಡೂವರೆ ವರ್ಷವಾಯಿತು. ದಾವಣಗೆರೆಯಲ್ಲಿ ನಮ್ಮ ಹಿಂದಿನ ಬೀದಿಯವರು ಧರ್ಮಸ್ಥಳಕ್ಕೆ ಹೋಗಿದ್ದಾಗ ಮನೆಗೆ ಕಳ್ಳ ನುಗ್ಗಿದ. ಒಂದು ಹಿತ್ತಾಳೆ ಹಂಡೆ, ಒಂದು ತುಂಬಿದ ಸಿಲಿಂಡರ್ ಹೊತ್ತುಕೊಂಡು ಹೋದ. ಚಿನ್ನಗಿನ್ನ ಇರಲಿಲ್ಲ. ಆದರೂ ಬೀದಿಗೆ ಬೀದಿಯೇ ಬೆಚ್ಚಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುತ್ತಾರಲ್ಲ, ಹಾಗೆ. ಎಲ್ಲರ ಮನೆಗೂ ಕ್ಯಾಮೆರಾದವರು ಬಂದುಹೋದರು. ನಮಗೂ ಒಬ್ಬ ಹುಡುಗ ಲೆಕ್ಕ ಬರೆದುಕೊಟ್ಟ. ನಾಲ್ಕು ಕ್ಯಾಮೆರಾ, ರೆಕಾರ್ಡ್ ಮಾಡುವ ಡಬ್ಬಿ, ವೈರಿಂಗು, ಕೂಲಿ ಸೇರಿ ಇಪ್ಪತ್ತೆರಡು ಸಾವಿರ.

ಇವರು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಮನೆಯನ್ನೊಮ್ಮೆ ಸುತ್ತಲೂ ನೋಡಿದರು. "ಕದಿಯೋಕೆ ಇರೋ ಸಾಮಾನೆಲ್ಲಾ ಸೇರಿಸಿದರೂ ಇಪ್ಪತ್ತೆರಡು ಸಾವಿರ ಆಗಲ್ಲ" ಅಂದರು. ನನ್ನ ಅಷ್ಟು ವರ್ಷದ ಗೃಹಕೃತ್ಯಕ್ಕೆ ಸಿಕ್ಕ ಸರ್ಟಿಫಿಕೇಟು ಇದು. ಪಿಂಚಣಿಯ ಮನೆ, ಎರಡು ಸಾವಿರದೊಳಗೆ ಭದ್ರತೆ ಮುಗಿಯಬೇಕು ಅಂತ ಅಲ್ಲೇ ತೀರ್ಮಾನವಾಯಿತು.

ಬೆಂಗಳೂರಿನಿಂದ ಅಣ್ಣನ ಮಗ ಫೋನ್ ಮಾಡಿ, "ಬೆರಳು ಒತ್ತಿದರೆ ತೆಗೆಯೋ ಬೀಗ ಬಂದಿದೆ ಅತ್ತೆ, ಕೀನೇ ಬೇಡ" ಅಂದ. ಪಾತ್ರೆ ತೊಳೆದೂ ತೊಳೆದೂ ನನ್ನ ಬೆರಳಿನ ಗೆರೆಯೆಲ್ಲಾ ಸವೆದು, ಆಧಾರ್ ಮಿಷನ್ನೇ ನನ್ನನ್ನು ಗುರುತು ಹಿಡಿಯುವುದಿಲ್ಲ. ನನ್ನ ಮನೆಯ ಬಾಗಿಲೂ ನನ್ನನ್ನು ಯಾರು ಅಂತ ಕೇಳುವುದು ಬೇಡ ಅಂದೆ. ನನ್ನ ಮೈದುನ ಇನ್ನೊಂದು ತುದಿ. ಮಹಾರಾಷ್ಟ್ರದ ಶನಿ ಶಿಂಗಣಾಪುರದಲ್ಲಿ ಮನೆಗಳಿಗೆ ಬಾಗಿಲೇ ಇಡುವ ಪದ್ಧತಿ ಇಲ್ಲ, 2011ರಲ್ಲಿ ಅಲ್ಲೊಂದು ಬ್ಯಾಂಕು ಬೀಗವಿಲ್ಲದ ಶಾಖೆಯನ್ನೇ ತೆರೆಯಿತು, ಗೊತ್ತಾ ಅತ್ತಿಗೆ ಅಂದ. ಗೊತ್ತು. ಅಲ್ಲಿ ಊರು ಕಾಯಲು ಶನಿ ದೇವರು ಬಯಲಲ್ಲೇ ನಿಂತಿದ್ದಾನೆ. ನಮ್ಮ ಮನೆಗೂ ಶನಿ ಆಗಾಗ ಬರುವುದುಂಟು, ಕಾವಲಿಗಲ್ಲ.

ಸರಿ, ಹಾರ್ಡ್‌ವೇರ್ ಅಂಗಡಿಗೆ ಹೋದೆವು. "ಅಲಿಗಢದ ಮಾಲು ಸರ್, ಏಳು ಲಿವರು" ಅಂತ ಅಂಗಡಿಯವನು ಒಂದು ಬೀಗವನ್ನು ಕೂಸಿನ ಹಾಗೆ ಎತ್ತಿ ಇವರ ಕೈಗಿಟ್ಟ. ತೂಕವೇ ಅರ್ಧ ಕೆ.ಜಿ. ಇವರ ಮುಖ ಅರಳಿತು. ಆರುನೂರು ಹೋಯಿತು.

ಮಾರನೆಯ ದಿನ ಅದನ್ನು ಹಾಕಿಸಲು ಬಡಗಿ ಬಂದ. ಬೀಗದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಾಗಿಲ ಆಲ್ಡ್ರಾಪನ್ನು, ಅಂದರೆ ಬೀಗ ಸಿಕ್ಕಿಸುವ ಕೊಂಡಿಯನ್ನು, ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. ಅದು ಗಡಗಡ ಅಂದಿತು. "ಬೀಗ ಆರ್ನೂರರದ್ದು ತಂದಿದೀರಿ. ಕೊಂಡಿ ಹಿಡಿದಿರೋದು ಅರ್ಧ ಇಂಚಿನ ನಾಲ್ಕು ಸ್ಕ್ರೂ. ಬೀಗ ಯಾವ ಕಳ್ಳ ಒಡೀತಾನೆ ಸರ್? ಒಂದು ರಾಡು ಹಾಕಿ ಎತ್ತಿದರೆ ಕೊಂಡಿ ಸಮೇತ ಕೈಗೆ ಬರುತ್ತೆ" ಅಂದ. ಆ ಸ್ಕ್ರೂ ಕಿತ್ತು, ಬಾಗಿಲ ಆಚೆಯಿಂದ ಈಚೆಗೆ ತೂತು ಕೊರೆದು, ಗುಂಡು ತಲೆಯ ಬೋಲ್ಟು ಹಾಕಿ, ಒಳಗಿನಿಂದ ವಾಷರ್ ಇಟ್ಟು ನಟ್ಟು ಬಿಗಿದ. ಹೊರಗೆ ಸ್ಕ್ರೂಡ್ರೈವರ್ ಇಡಲು ಜಾಗವೇ ಇಲ್ಲ. ಚೌಕಟ್ಟಿನ ಕಡೆಯ ಹಿಂಜುಗಳಿಗೆ ಮೂರಿಂಚಿನ ಸ್ಕ್ರೂ ಹಾಕಿದ. ಸಾಮಾನಿಗೆ ನೂರೈವತ್ತು, ಕೂಲಿಗೆ ಮುನ್ನೂರು. ನಮ್ಮ ಎರಡು ಸಾವಿರದಲ್ಲಿ ಸಾರ್ಥಕವಾಗಿದ್ದು ಇಷ್ಟೇ. ಇವರಿಗೆ ಅದು ರುಚಿಸಲಿಲ್ಲ. ನಟ್ಟು ಬೋಲ್ಟನ್ನು ಬಂದವರಿಗೆ ತೋರಿಸಿ ಜಂಬ ಕೊಚ್ಚಲು ಆಗುವುದಿಲ್ಲವಲ್ಲ.

ನನಗಂತೂ ಆ ಗಡಗಡ ಕೇಳಿದಾಗ ಚಿತ್ರದುರ್ಗದ ಕೋಟೆ ನೆನಪಾಯಿತು. ಇಲ್ಲಿಂದ ಅರವತ್ತು ಕಿಲೋಮೀಟರ್. ಟೀಚರ್ ಆಗಿದ್ದಾಗ ಎಷ್ಟು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೋ. ಏಳು ಸುತ್ತಿನ ಕಲ್ಲಿನ ಕೋಟೆ, ಬುರುಜು, ಬತೇರಿ ಎಲ್ಲಾ ಕಟ್ಟಿ ಒಂದು ಕಿಂಡಿ ಬಿಟ್ಟಿದ್ದರು. ಹೈದರಾಲಿಯ ಸೈನಿಕರು ನುಸುಳಿದ್ದು ಅಲ್ಲೇ. ಕಾವಲಿನ ಮುದ್ದಹನುಮ ಊಟಕ್ಕೆ ಕೂತಿದ್ದನಂತೆ. ನೀರು ತರಲು ಹೋದ ಓಬವ್ವ ಕಂಡಳು. ಗಂಡನ ಊಟ ಕೆಡಿಸುವುದು ಬೇಡ ಅಂತ ಒನಕೆ ತೆಗೆದುಕೊಂಡು ಒಬ್ಬಳೇ ನಿಂತಳು. ಇಡೀ ನಾಡು ಒನಕೆಯನ್ನು ಹೊಗಳುತ್ತದೆ. ಕಿಂಡಿ ಮುಚ್ಚದೆ ಬಿಟ್ಟವರು ಯಾರು ಅಂತ ಯಾರಾದರೂ ಕೇಳಿದ್ದಾರಾ? ನಾನು ಒಮ್ಮೆ ಮಕ್ಕಳ ಮುಂದೆ ಕೇಳಿದೆ. ಹೆಡ್‌ಮಾಸ್ಟರು ನನ್ನನ್ನು ದುರುಗುಟ್ಟಿ ನೋಡಿದರು. ಇರಲಿ. ಊಟಕ್ಕೆ ಕೂತವರು ಏಳದೇ ಇರುವುದು ನಮ್ಮ ಮನೆಯಲ್ಲೂ ಉಂಟು.

ದುಡ್ಡು ಇನ್ನೂ ಉಳಿದಿತ್ತು. ಸಂತೆಯಿಂದ ಒಂದು ಸುಳ್ಳು ಕ್ಯಾಮೆರಾ ಬಂತು. ಒಳಗೆ ಎರಡು ಸೆಲ್ಲು, ಒಂದು ಕೆಂಪು ದೀಪ, ಅಷ್ಟೇ. ಮಳೆಗಾಲಕ್ಕೆ ದೀಪ ಹೋಯಿತು, ಗುಬ್ಬಚ್ಚಿ ಅಲ್ಲ, ಕಣಜ ಬಂದು ಗೂಡು ಕಟ್ಟಿತು. ಭದ್ರತೆ ಅಂದರೆ ಅದೇ ಸರಿಯಾದ ಭದ್ರತೆ. ಮೂರು ತಿಂಗಳು ನಾವೂ ಆ ಕಡೆ ಹೋಗಲಿಲ್ಲ.

ಆಮೇಲೆ ಬಂದಿದ್ದು ಬೋರ್ಡು. ಎಂಬತ್ತು ರೂಪಾಯಿಯ ತಗಡು, ಕೆಂಪು ಅಕ್ಷರ. "ನಾಯಿ ಇದೆ, ಎಚ್ಚರಿಕೆ."

ನಾಯಿ ಇರಲಿಲ್ಲ. ನಾಯಿ ಸಾಕುವುದು ತಗಡಿನಷ್ಟು ಅಗ್ಗವಲ್ಲ. ಬರೆದು ಹೆದರಿಸುವ ವಿದ್ಯೆ ನಮ್ಮ ಕಡೆ ಹೊಸದೂ ಅಲ್ಲ. ತೊಂಬತ್ತರ ದಶಕದಲ್ಲಿ ಮನೆಮನೆಯ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದು ನೆನಪಿದೆಯಾ? ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಅಂತ ಸುದ್ದಿ. ಖರ್ಚು ಒಂದು ಸೀಮೆಸುಣ್ಣ. ದೆವ್ವ ಪಾಪ ಓದಿಕೊಂಡು ವಾಪಸ್ ಹೋಗುತ್ತಿತ್ತು. ಈಗಿನ ಕೊರಿಯರ್ ಹುಡುಗರು ಮನೆ ನಂಬರನ್ನೂ ಓದುವುದಿಲ್ಲ.

ಆದರೆ ನಾಯಿ ಬೋರ್ಡನ್ನು ಮಾತ್ರ ಎಲ್ಲರೂ ಓದಿದರು. ಹೂವಿನವಳು ಗೇಟಿನ ಹೊರಗೇ ನಿಂತು ಕೂಗತೊಡಗಿದಳು. ಮೀಟರ್ ನೋಡುವವನು "ನಾಯಿ ಕಟ್ಟೀರಾ ಸರ್?" ಅಂತ ಬೀದಿಗೆಲ್ಲಾ ಕೇಳುವ ಹಾಗೆ ಅರಚಿದ. "ಕಟ್ಟಿದೀವಿ, ಬನ್ನಿ" ಅಂದರು ಇವರು. ಅಲ್ಲಿಂದ ಶುರುವಾಯಿತು ನೋಡಿ. ಸಿಲಿಂಡರ್ ತಂದ ಹುಡುಗ ಹೆಸರು ಕೇಳಿದ. ಇವರು ಚಹಾಕ್ಕೆ ಕೂತಿದ್ದರು, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು. ಅದನ್ನು ನೋಡಿ "ಟೈಗರ್" ಅಂದರು. ನಾನು ಅಡುಗೆಮನೆಯಿಂದ ಹೊರಗೆ ಬಂದು ದಿಟ್ಟಿಸಿದೆ. ಕಣ್ಣು ತಪ್ಪಿಸಿದರು.

ಅಷ್ಟರಲ್ಲಿ ಪಕ್ಕದ ಮನೆಗೆ ಬಾಡಿಗೆಗೆ ಹೊಸಬರು ಬಂದರು. ಆ ಅಕ್ಕ ಮೊದಲ ದಿನವೇ "ಕಚ್ಚುತ್ತಾ?" ಅಂತ ಕೇಳಿದರು. "ಗೊತ್ತಿರೋರಿಗೆ ಏನೂ ಮಾಡಲ್ಲ" ಅಂದರು ಇವರು. ನಡುವೆ ಆರಡಿ ಕಾಂಪೌಂಡು. ಯಾರಿಗೂ ಯಾರೂ ಕಾಣುವುದಿಲ್ಲ. ಮೊದಲು ನಮ್ಮ ಬೀದಿಯಲ್ಲಿ ಮೊಣಕಾಲೆತ್ತರದ ಗೋಡೆಗಳಿದ್ದವು. ಎದುರು ಮನೆಯ ಅಜ್ಜಿ ಜಗಲಿಯಲ್ಲಿ ಕೂತು, ಬಂದವರನ್ನೆಲ್ಲಾ "ಯಾರ ಪೈಕಿ ನೀನು?" ಅಂತ ಕೇಳದೆ ಮುಂದೆ ಬಿಡುತ್ತಿರಲಿಲ್ಲ. ಕಳ್ಳನಿಗೂ ಕಷ್ಟ, ನಮಗೂ ಕಷ್ಟ. ನಾನು ಹೊಸ ಸೀರೆ ತಂದರೆ ಅದರ ಬೆಲೆ ನಮ್ಮತ್ತೆಗೆ ನನಗಿಂತ ಮೊದಲು ತಲುಪುತ್ತಿತ್ತು. ಹಳೇ ಕಾಲ ಚೆಂದ ಅಂತ ಹೇಳುವವರು ಆ ಅಜ್ಜಿಯ ಎದುರು ಮನೆಯಲ್ಲಿ ಸಂಸಾರ ಮಾಡಿದವರಲ್ಲ.

ಟೈಗರ್ ಮಾತ್ರ ಬೆಳೆಯುತ್ತಾ ಹೋಯಿತು. ಒಂದು ದಿನ ಹೊರಗೆ ನೀರಿನ ಬಟ್ಟಲು ಬಂತು. ಕಳ್ಳ ಇಣುಕಿದರೆ ನಂಬಿಕೆ ಬರಬೇಕು ಅಂತೆ. ಆಮೇಲೆ ಕಂಬಕ್ಕೆ ಒಂದು ಚೈನು. ಯಾವುದೋ ಕಚೇರಿಯಿಂದ ನಾಯಿಗಳ ಲೆಕ್ಕ ಬರೆದುಕೊಳ್ಳಲು ಒಬ್ಬ ಬಂದು, "ಚುಚ್ಚುಮದ್ದು ಹಾಕಿಸಿದೀರಾ? ಲೈಸೆನ್ಸ್ ಎಲ್ಲಿ?" ಅಂದ. ಇವರು ನಾಯಿ ಇಲ್ಲ ಅಂದರು. ಅವನು ಬೋರ್ಡು ನೋಡಿದ, ಬಟ್ಟಲು ನೋಡಿದ, ಚೈನು ನೋಡಿದ. "ಹೀಗೇ ಎಲ್ಲರೂ ಹೇಳೋದು ಸರ್" ಅಂದ. ಇಡೀ ಮನೆ ಹುಡುಕಿಸಿ ತೋರಿಸುವವರೆಗೂ ಜಗ್ಗಲಿಲ್ಲ. ಮಂಚದ ಕೆಳಗೂ ಬಗ್ಗಿ ನೋಡಿದ.

ಬೇಸಿಗೆಯಲ್ಲಿ ನಾವು ನಾಲ್ಕು ದಿನ ಶೃಂಗೇರಿಗೆ ಹೊರಟೆವು. ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ ಅಂತ ಪೊಲೀಸರು ಹೇಳುತ್ತಲೇ ಇರುತ್ತಾರೆ, ತಿಳಿಸಿದೆವು. ಪೇಪರು, ಹಾಲು ನಿಲ್ಲಿಸಿದೆವು. ರಂಗೋಲಿ? ಬಾಗಿಲ ಮುಂದೆ ರಂಗೋಲಿ ಇಲ್ಲದಿದ್ದರೆ ಮನೆಯಲ್ಲಿ ಜನ ಇಲ್ಲ ಅಂತ ಡಂಗುರ ಸಾರಿದ ಹಾಗೆ. ಹಗಲಲ್ಲೂ ಉರಿಯುವ ವರಾಂಡದ ಬಲ್ಬೂ ಅದನ್ನೇ ಹೇಳುತ್ತದೆ. ಕತ್ತಲಾದರೆ ತಾನೇ ಹತ್ತಿ, ಬೆಳಗಾದರೆ ತಾನೇ ಆರುವ ಬಲ್ಬು ತಂದು ಸಿಕ್ಕಿಸಿದೆವು. ರಂಗೋಲಿಯನ್ನು ಪಕ್ಕದ ಮನೆ ಅಕ್ಕನಿಗೆ ಒಪ್ಪಿಸಿದೆವು. "ಟೈಗರ್?" ಅಂದರು. "ಜೊತೆಗೇ ಕರ್ಕೊಂಡು ಹೋಗ್ತೀವಿ" ಅಂದರು ಇವರು. ವಾಪಸ್ ಬಂದಾಗ ಬೀದಿಯವರೆಲ್ಲಾ ನನಗೆ ಹೇಳಿದ್ದು ಒಂದೇ ಮಾತು: "ನಾಲ್ಕು ದಿನ ನಿಮ್ಮನೆ ರಂಗೋಲಿ ಎಷ್ಟು ಚೆನ್ನಾಗಿತ್ತು!" ಕಳ್ಳ ಬಂದು ಹಂಡೆ ಒಯ್ದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಇಷ್ಟೆಲ್ಲಾ ಗುಟ್ಟು ಮಾಡಿದ ಮೇಲೆ, ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಪುರಿ ಹಾಕುವ ಫೋಟೋವನ್ನು ಇವರು ಮೊದಲ ದಿನವೇ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದರು ಅನ್ನುವುದು ಬೇರೆ ಮಾತು. ಬೀಗಕ್ಕೆ ಆರುನೂರು ಕೊಟ್ಟವರು!

ಕಳೆದ ದೀಪಾವಳಿಗೆ ಗೇಟಿಗೆ ಪೇಂಟ್ ಮಾಡಿಸಿದೆವು. ಬೋರ್ಡು ಬಿಚ್ಚಿ ಒಳಗಿಟ್ಟೆವು. ತೊಳೆಯಲು ಅಂತ ಬಟ್ಟಲು, ಚೈನು ಎರಡನ್ನೂ ನಾನೇ ತೆಗೆದೆ. ಸಂಜೆ ಪಕ್ಕದ ಮನೆ ಅಕ್ಕ ಬಂದರು. ಕೈಯಲ್ಲಿ ಒಂದು ಡಬ್ಬಿ ಅವಲಕ್ಕಿ. ಮುಖ ಸಣ್ಣದಾಗಿತ್ತು.

"ಹೋಯ್ತಾ ಪಾಪ?" ಅಂದರು.

ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಇವರಿಗೆ ಅಷ್ಟೂ ಹಿಡಿಯಲಿಲ್ಲ. ತಲೆ ತಗ್ಗಿಸಿ ಹೂಂ ಅಂದರು.

"ಎಷ್ಟು ವಯಸ್ಸಾಗಿತ್ತು?"

"ಒಂಬತ್ತು." ಗಂಟಲು ಕಟ್ಟಿತ್ತು. ನಿಜವಾಗಿಯೂ ಕಟ್ಟಿತ್ತು, ನಾನು ನೋಡಿದೆ.

"ಒಂದು ದಿನ ತೊಂದರೆ ಕೊಟ್ಟಿದ್ದಲ್ಲ. ಬೊಗಳಿದ್ದೇ ನಾನು ಕೇಳಿಲ್ಲ. ಅಂಥ ನಾಯಿ ಎಲ್ಲಿ ಸಿಗುತ್ತೆ ಹೇಳಿ" ಅಂತ ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಿಜ ಹೇಳಿಬಿಡೋಣ ಅಂತ ಬಾಯಿ ತೆಗೆದೆ. ಆಗಲಿಲ್ಲ. ಅವಲಕ್ಕಿ ತೆಗೆದುಕೊಂಡಾಗಿತ್ತು. ಬೋರ್ಡನ್ನು ಮತ್ತೆ ಹಾಕಲು ಇವರು ಒಪ್ಪಲಿಲ್ಲ. "ಇಷ್ಟು ಬೇಗ ಬೇಡ" ಅಂದರು.

ಹಾಂ, ಮೊನ್ನೆ ರಾತ್ರಿಯ ವಿಷಯ. ನಾಲ್ಕನೆಯ ಬೀಗ ಕೊನೆಗೂ ತೆಗೆಯಲಿಲ್ಲ. ಇವರು ಬಾಯಿಂದ ಮೊಬೈಲ್ ತೆಗೆದು, "ಇರು ಬಂದೆ" ಅಂತ ಹಿತ್ತಲಿಗೆ ಹೋದರು. ಹಿತ್ತಲ ಬಾಗಿಲಿಗೆ ನಟ್ಟು ಬೋಲ್ಟಿನ ಯೋಗ ಬಂದಿರಲಿಲ್ಲ, ಅಷ್ಟು ಹೊತ್ತಿಗೆ ಎರಡು ಸಾವಿರ ಮುಗಿದಿತ್ತು. ಬಚ್ಚಲ ಕಿಟಕಿಯಿಂದ ಒಂದು ಕೋಲು ತೂರಿಸಿ ಚಿಲಕ ಎತ್ತಿದರಂತೆ. ಒಂದು ಬಕೆಟ್ ಉರುಳಿತು, ಏನೋ ಒಡೆಯಿತು. ಮೂರು ನಿಮಿಷವೂ ಆಗಿರಲಿಲ್ಲ, ಒಳಗಿನಿಂದ "ಹಿಂದೆ ಬಾ" ಅಂತ ಅವರ ದನಿ ಕೇಳಿಸಿತು.

ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದೆ. ಇವರು ಗೇಟಿನ ಹತ್ತಿರ ಪೇಪರ್ ಓದುತ್ತಿದ್ದರು. ಪಕ್ಕದ ಮನೆ ಅಕ್ಕ ಬಂದು ನಿಂತರು.

"ರಾತ್ರಿ ನಿಮ್ಮ ಹಿತ್ತಲಲ್ಲಿ ಯಾರೋ ಓಡಾಡಿದ ಹಾಗಿತ್ತು. ಬಕೆಟ್ ಬಿದ್ದ ಸದ್ದೂ ಕೇಳಿಸಿತು. ನಮಗೆ ಹೆದರಿಕೆಯಾಗಿ ಲೈಟ್ ಆರಿಸಿ ಮಲಗಿಬಿಟ್ಟೆವು" ಅಂದರು. ಆಮೇಲೆ ಖಾಲಿ ಕಂಬದ ಕಡೆ ನೋಡಿದರು. "ಟೈಗರ್ ಇದ್ದಿದ್ರೆ ಬಿಡ್ತಿತ್ತಾ ಹೇಳಿ."

"ಎಲ್ಲಿ ಬಿಡ್ತಿತ್ತು" ಅಂದರು ಇವರು, ಪೇಪರ್ ಮಡಿಸುತ್ತಾ.